ಎಳ್ಳಿನಷ್ಟು ಬಾಕಿ

ತೀರ್ಥಹಳ್ಳಿ
ಡಿಸೆಂಬರ್ 28, 2024

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು "ಈ ವರ್ಷ ದಂಡವಾಯಿತು ದೊಡ್ಡಪ್ಪ" ಎಂದಾಗ ನಾನು ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಕಟ್ಟಿಗೆ ತುರುಕುತ್ತಿದ್ದೆ. ಹೊಗೆಯಲ್ಲಿ ಏನೋ ಗೊಣಗಿ ಫೋನಿಟ್ಟೆ. ಸರಿಯಾದ ಉತ್ತರ ಕೊಡಲಿಲ್ಲವೆಂದು ಅಂದಿನಿಂದ ಮನಸ್ಸಿಗೆ ಕಿರಿಕಿರಿ. ಅಂಚೆಗೆ ಹಾಕಿದರೆ ಇದು ಜಾತ್ರೆ ಮುಗಿದ ಮೇಲೆ ನಿನ್ನ ಕೈಸೇರುತ್ತದೆ. ಹಾಳೆಯ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಲು ನಿನ್ನ ದೊಡ್ಡಮ್ಮನಿಗೆ ಹೇಳುತ್ತೇನೆ. ಆ ವಿದ್ಯೆ ಈ ಮನೆಯಲ್ಲಿ ಅವಳಿಗೊಬ್ಬಳಿಗೇ ಒಲಿದಿದೆ.

ನನ್ನ ಡೈರಿಯ ವಿಷಯ ನಿನಗೆ ಗೊತ್ತು. ಮಳೆ, ಕೂಲಿ, ಹಾಲಿನ ಲೆಕ್ಕ, ಮನೆಗೆ ಬಂದುಹೋದವರು, ಅಷ್ಟೇ. ಈ ಸಲ ಅಟ್ಟ ಗುಡಿಸುವಾಗ 2019ರದ್ದು ಸಿಕ್ಕಿತು. ಆ ಆಗಸ್ಟ್ ತಿಂಗಳ ಮಳೆ ನಿನಗೂ ನೆನಪಿರಬಹುದು. ಕೆಳಗಿನ ತೋಟಕ್ಕೆ ಕೊಳೆ ರೋಗ ಬಂದು ಮರಗಳ ಬುಡದ ತುಂಬ ಹಸಿರು ಕಾಯಿ ಉದುರಿತ್ತು. "ಮಳೆ ಬಿಡುವು ಕೊಡಲಿಲ್ಲ, ಔಷಧಿ ಹೊಡೆಸಲಾಗಲಿಲ್ಲ" ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಐದು ವರ್ಷ ಹೇಳಿ ಹೇಳಿ ನಾನೇ ಅದನ್ನು ನಂಬಿಬಿಟ್ಟಿದ್ದೆ. ಡೈರಿಯ ಜೂನ್ ಪುಟದಲ್ಲಿ ನನ್ನದೇ ಅಕ್ಷರ ಬೇರೆ ಹೇಳುತ್ತಿತ್ತು: "ಬಿಸಿಲಿದೆ. ಔಷಧಿಯವರು ಬಂದಿದ್ದರು. ಕೂಲಿ ಹೆಚ್ಚು ಕೇಳಿದರು. ಬೈದು ಕಳಿಸಿದೆ."

ಮುಂಗಾರು ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಕೊಳೆಗೆ ಬೋರ್ಡೋ ಔಷಧಿ ಹೊಡೆಸಬೇಕು, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ಊರಿಗೆಲ್ಲ ಪಾಠ ಹೇಳುವವನು ನಾನೇ. ಸುಣ್ಣ, ಮೈಲುತುತ್ತ ಎರಡೂ ಮನೆಯಲ್ಲೇ ಇದ್ದವು. ತೋಟ ಕೆಟ್ಟದ್ದು ನನ್ನ ಬಾಯಿಂದ, ಬೈಸಿಕೊಂಡದ್ದು ಮಳೆ.

ಅದಕ್ಕೇ ಹೇಳುತ್ತೇನೆ, ವರ್ಷ ಹೇಗಿತ್ತೆಂದು ಡಿಸೆಂಬರಿನ ಮನಸ್ಸನ್ನು ಕೇಳಬೇಡ. ಅದು ಒಂದೋ ನಮ್ಮನ್ನು ಪೂರ್ತಿ ಬಚಾವು ಮಾಡುತ್ತದೆ, ಇಲ್ಲವೆ ನೇಣಿಗೇರಿಸುತ್ತದೆ. ಬರೆದ ಪರೀಕ್ಷೆ ಕೈಕೊಟ್ಟಿತು, ಹೊಸ ಕೆಲಸ ಸಿಗಲಿಲ್ಲ ಎಂದೆ. ನಿಜ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಆದರೆ ಈ ವರ್ಷದ ಡೈರಿಯಲ್ಲಿ ನೀನಿರುವ ಪುಟಗಳನ್ನು ನಿನ್ನೆ ರಾತ್ರಿ ಹುಡುಕಿದೆ. ಫೆಬ್ರವರಿಯಲ್ಲಿ ನಿನ್ನಪ್ಪನ ಜೊತೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂಬತ್ತು ರಾತ್ರಿ ಕಳೆದಿದ್ದೀಯೆ. ಮೇ ತಿಂಗಳ ಒಂದು ಪುಟದಲ್ಲಿ ಹೀಗಿದೆ: "ಪುಟ್ಟಿ ದೊಡ್ಡಮ್ಮನನ್ನು ಸ್ಕೂಟರಿನಲ್ಲಿ ಕುಪ್ಪಳಿಗೆ ಕರೆದುಕೊಂಡು ಹೋದಳು. ಕತ್ತಲಾದ ಮೇಲೆ ಬಂದರು. ಸಾರು ನಾನೇ ಮಾಡಿದೆ." ಮೊಣಕಾಲು ನೋವು ಶುರುವಾದ ಮೇಲೆ ಅವಳು ಪೇಟೆ ಬಿಟ್ಟು ಆಚೆ ಹೋದದ್ದು ಅದೇ ಮೊದಲು. ಈಗಲೂ ಬಂದವರಿಗೆಲ್ಲ ಆ ಕಥೆ ಹೇಳುತ್ತಾಳೆ, ಹೇಳಿದಷ್ಟೂ ಸ್ಕೂಟರಿನ ವೇಗ ಜಾಸ್ತಿಯಾಗುತ್ತಿದೆ. ನಿನ್ನ ಲೆಕ್ಕದಲ್ಲಿ ಇವು ಯಾವ ಕಡೆಯೂ ಬಂದಿಲ್ಲ, ಅಲ್ಲವೆ?

ಇನ್ನೊಂದು ಪುಟವಿದೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿಯೇ ಬರೆಯುತ್ತಿದ್ದೇನೆ. "ದೀಪಾವಳಿ. ಪುಟ್ಟಿ ಬಂದಳು. ಅವಳು ಬರುತ್ತಾಳೆಂದು ಅವಳ ತಮ್ಮ ಬರಲಿಲ್ಲ." ಬೈಕಿಗೆ ಕೊಟ್ಟ ದುಡ್ಡಿನಿಂದ ಶುರುವಾದದ್ದೆಂದು ಕೇಳಿದ್ದೇನೆ. ತಪ್ಪು ಯಾರದ್ದೆಂದು ನನಗೆ ಗೊತ್ತಿಲ್ಲ, ತಿಳಿಯುವ ಆಸೆಯೂ ಇಲ್ಲ.

ಸೋಮವಾರ ಎಳ್ಳಮಾವಾಸ್ಯೆ. ತಾಯಿಯ ತಲೆ ಕಡಿದ ಪರಶುರಾಮನ ಕೊಡಲಿಯಲ್ಲಿ ಎಷ್ಟು ತೊಳೆದರೂ ಎಳ್ಳಿನಷ್ಟು ರಕ್ತದ ಕಲೆ ಉಳಿದಿತ್ತು, ಅದು ಹೋದದ್ದು ಇಲ್ಲಿ ತುಂಗೆಯಲ್ಲಿ ಎಂಬ ಕಥೆಯನ್ನು ಚಿಕ್ಕವಳಿದ್ದಾಗ ಹೊಳೆಯ ಬಂಡೆಯ ಮೇಲೆ ಕೂತು ನೀನೇ ನನಗೆ ಒಪ್ಪಿಸುತ್ತಿದ್ದೆ. "ಅಷ್ಟು ದೊಡ್ಡ ಕೊಡಲಿಯಲ್ಲಿ ಅಷ್ಟು ಚಿಕ್ಕ ಕಲೆ ಇದ್ದರೇನಂತೆ?" ಎಂದು ಕೇಳಿದ್ದೆ ಕೂಡ. ಆಗ ನನಗೆ ಉತ್ತರ ಹೊಳೆದಿರಲಿಲ್ಲ.

ಅಂದು ಬೈದು ಕಳಿಸಿದವರಲ್ಲಿ ಹಿರಿಯನ ಮನೆಗೆ ಹೋದ ವಾರ ಹೋಗಿ ತಪ್ಪಾಯಿತೆಂದು ಹೇಳಿಬಂದೆ. ಅವನಿಗೆ ಆ ಸಂಗತಿ ನೆನಪೇ ಇರಲಿಲ್ಲ. ಬೈದವರು ಒಬ್ಬರೇ ಇಬ್ಬರೇ ಎಂದು ನಕ್ಕು ಕಾಫಿ ಕೊಟ್ಟ. ನನಗೆ ಮಾತ್ರ ದಾರಿಯುದ್ದಕ್ಕೂ ಕಾಲು ಹಗುರಾಗಿತ್ತು.

ಮಂಗಳವಾರ ತೇರು, ಜನವರಿ 1ಕ್ಕೆ ತೆಪ್ಪೋತ್ಸವ. ನಿನ್ನ ತಮ್ಮ ತೆಪ್ಪೋತ್ಸವಕ್ಕೆ ಬರುತ್ತಾನಂತೆ. ನೀನು ಬರುವೆಯೆಂದು ಅವನಿಗೆ ನಾನು ಹೇಳಿಲ್ಲ, ಹೇಳುವುದಾದರೆ ನೀನೇ ಫೋನು ಮಾಡಿ ಹೇಳು. ಜಾತ್ರೆಯ ದಿನಗಳು, ರಾತ್ರಿ ಬಸ್ಸಿಗೆ ಇಂದೇ ಸೀಟು ಹಿಡಿ. ಬರುವಾಗ ದೊಡ್ಡಮ್ಮನ ಮೊಣಕಾಲಿಗೆ ಹಾಕುವ ಆ ಪಟ್ಟಿ ತಾ, ಹಳೆಯದು ಸಡಿಲವಾಗಿದೆ.

ಇತಿ,
ನಿನ್ನ ದೊಡ್ಡಪ್ಪ