ದೇಣಿಗೆಯ ಲೆಕ್ಕ ಹುಡುಕುವಂತಿರಲಿ

ಮಾನ್ಯ ಸಂಪಾದಕರೇ,

ದಾನಿಯ ಹೆಸರು ಹೊರಬೀಳದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಅವಕಾಶವಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದುಪಡಿಸಿದರೂ, ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತೆಂದು ಪತ್ತೆ ಹಚ್ಚುವುದು ಸಾಮಾನ್ಯ ಮತದಾರನಿಗೆ ಇಂದಿಗೂ ಸುಲಭವಲ್ಲ. ಆಗಲೂ ಬಾಂಡ್ ಕೊಂಡವರ ಪಟ್ಟಿ ಮತ್ತು ನಗದೀಕರಿಸಿಕೊಂಡ ಪಕ್ಷಗಳ ಪಟ್ಟಿ ಬೇರೆ ಬೇರೆಯಾಗಿಯೇ ಪ್ರಕಟವಾಗಿ, ನ್ಯಾಯಾಲಯ ಮತ್ತೆ ಪಟ್ಟು ಹಿಡಿದ ಮೇಲಷ್ಟೇ ಬಾಂಡ್ ಸಂಖ್ಯೆಗಳು ಹೊರಬಂದು ಎರಡೂ ತಾಳೆಯಾದವು.

20 ಸಾವಿರ ರೂಪಾಯಿ ಮೀರಿದ ದೇಣಿಗೆಗಳ ವಿವರವನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಸಲ್ಲಿಸುತ್ತವೆ, ನಿಜ. ಆದರೆ ಅವುಗಳಲ್ಲಿ ಎಷ್ಟೋ ವರದಿಗಳು ಸ್ಕ್ಯಾನ್ ಮಾಡಿದ ಹಾಳೆಗಳಾಗಿರುವುದರಿಂದ ಕಂಪನಿಯ ಹೆಸರು ಟೈಪ್ ಮಾಡಿದರೆ ಏನೂ ಸಿಗದು. ಪುಟ ಪುಟವನ್ನೂ ಕಣ್ಣಿಟ್ಟು ನೋಡಬೇಕು. ಚುನಾವಣಾ ಟ್ರಸ್ಟ್‌ನ ಮೂಲಕ ಹಲವು ಕಂಪನಿಗಳ ಹಣ ಒಟ್ಟಾಗಿ ಹಲವು ಪಕ್ಷಗಳಿಗೆ ಹಂಚಿಹೋದಾಗಲಂತೂ ಯಾರದು ಯಾರಿಗೆಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಅದೇ ಕಂಪನಿಗೆ ಕೇಂದ್ರ ಸರ್ಕಾರದಿಂದ ದೊರೆತ ಗುತ್ತಿಗೆಯ ವಿವರ ಮತ್ತೆಲ್ಲೋ ಇರುತ್ತದೆ. ದೇಣಿಗೆ ಕೊಟ್ಟ ಮಾತ್ರಕ್ಕೆ ಲಂಚವೆನ್ನಲಾಗದು. ಆದರೆ ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಹಕ್ಕು ನಮಗಿದೆ.

ಅಮೆರಿಕದಲ್ಲಿ ಲಾಬಿಗೆ, ಅಂದರೆ ಸರ್ಕಾರದ ತೀರ್ಮಾನಗಳ ಮೇಲೆ ಪ್ರಭಾವ ಬೀರಲು, ಮಾಡಿದ ಖರ್ಚನ್ನು ಮೂರು ತಿಂಗಳಿಗೊಮ್ಮೆ ಘೋಷಿಸಬೇಕಾಗುತ್ತದೆ. ನಮ್ಮಲ್ಲಿ ಅಂಥ ಕಾಯ್ದೆಯೇ ಇಲ್ಲ. ಪ್ರತಿ ಕಂಪನಿಗೂ ಈಗಾಗಲೇ ನೋಂದಣಿ ಗುರುತಿನ ಸಂಖ್ಯೆ ಇರುವುದರಿಂದ, ದೇಣಿಗೆ ಮತ್ತು ಗುತ್ತಿಗೆ ಎರಡನ್ನೂ ಅದರಡಿ ಒಂದೇ ಜಾಲತಾಣದಲ್ಲಿ ಪ್ರಕಟಿಸುವಂತೆ ನಮ್ಮ ಭಾಗದ ಸಂಸದರು ಸಂಸತ್ತಿನಲ್ಲಿ ಒತ್ತಾಯಿಸಬೇಕು.

– ನಿವೃತ್ತ ವಾಣಿಜ್ಯ ಉಪನ್ಯಾಸಕ, ಸರಸ್ವತಿಪುರಂ, ಮೈಸೂರು