54ನೇ ವಯಸ್ಸಿಗೆ ಕೆಲಸ ಸಿಕ್ಕಿದೆ, ಇವರಿಗೆಲ್ಲ ಥ್ಯಾಂಕ್ಸ್

ಈ ತಿಂಗಳಿಂದ ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಅಂಧ ವಿದ್ಯಾರ್ಥಿಗಳ ಪರೀಕ್ಷೆ ಬರೆದುಕೊಡುವ ಸ್ಕ್ರೈಬ್‌ಗಳಿಗೆ ತರಬೇತಿ ಕೊಡುವ ಕೆಲಸ. ವಾರಕ್ಕೆ ಮೂರು ದಿನ, ಸಂಬಳ ಚಿಕ್ಕದು. ಆದರೆ ಇದೇ ನನ್ನ ಕೆಲಸ ಅನ್ನುವುದರಲ್ಲಿ ಎಳ್ಳಷ್ಟೂ ಅನುಮಾನ ಇಲ್ಲ. ಈ ವಯಸ್ಸಿನಲ್ಲಿ ಹೀಗೆ ಹೇಳುವಂತೆ ಮಾಡಿದವರು ತುಂಬಾ ಜನ ಇದ್ದಾರೆ. ಅವರಿಗೆ ಎಲ್ಲರ ಮುಂದೆಯೇ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು.

ಪಿಯುಸಿ ಆದ ಮೇಲೆ ನನ್ನ ಓದು ನಿಂತಿತು. ಮದುವೆ, ಮಕ್ಕಳು, ಅತ್ತೆಯವರ ಕಾಯಿಲೆ. ಜಾಸ್ತಿ ಹೇಳುವಂಥದ್ದೇನಿಲ್ಲ, ಮಹಾಲಕ್ಷ್ಮಿ ಲೇಔಟ್‌ನ ನಮ್ಮ ಬೀದಿಯಲ್ಲಿ ನನ್ನ ವಯಸ್ಸಿನ ಅರ್ಧ ಹೆಂಗಸರ ಕಥೆ ಇದೇ. ನಡುವೆ ಟೈಲರಿಂಗ್ ಕಲಿತೆ, ಚಕ್ಕುಲಿ ಕೋಡುಬಳೆಗೆ ಆರ್ಡರ್ ತೆಗೆದುಕೊಂಡೆ. ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗಿಗೆ. "ಆಂಟಿ, ನಿಮ್ಮ ಅಕ್ಷರ ಚೆನ್ನಾಗಿದೆ, ನನ್ನ ಫ್ರೆಂಡ್‌ಗೆ ಸ್ಕ್ರೈಬ್ ಸಿಗ್ತಿಲ್ಲ, ಬರ್ತೀರಾ?" ಎಂದು ಕೇಳಿದಳು. ನಾನು ಡಿಗ್ರಿ ಓದಿಲ್ಲಮ್ಮ ಅಂದೆ. "ಅದಕ್ಕೇ ಆಂಟಿ ಕೇಳ್ತಿರೋದು" ಅಂದಳು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ, ವಿದ್ಯಾರ್ಥಿ ತಾನೇ ಸ್ಕ್ರೈಬ್ ಕರೆದುಕೊಂಡು ಬರುವುದಾದರೆ ಆ ಸ್ಕ್ರೈಬ್‌ನ ಓದು ವಿದ್ಯಾರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂದಿತ್ತು. ಬಿ.ಎ. ಓದುವವರಿಗೆ ಬರೆಯಲು ಪಿಯುಸಿ ಆದವರು. ಪಿಯುಸಿ ಸಾಕು ಎಂದು ಯಾರಾದರೂ ನನಗೆ ಹೇಳಿದ್ದು ಅದೇ ಮೊದಲು.

ಎರಡನೆಯದು, ಮತ್ತು ಎಲ್ಲಕ್ಕಿಂತ ದೊಡ್ಡದು, ಆ ಫ್ರೆಂಡ್‌ಗೆ. ಅವಳಿಗೆ ಓದಿ ಹೇಳಿ, ಒಪ್ಪಿಗೆ ತೆಗೆದುಕೊಂಡೇ ಇದನ್ನು ಹಾಕುತ್ತಿದ್ದೇನೆ. ಹೇಳಿದ್ದನ್ನು ಬರೆಯುವುದು, ಅಷ್ಟೇ ಅಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಅಷ್ಟೇ ಅಲ್ಲ ಎಂದು ತೋರಿಸಿಕೊಟ್ಟವಳು ಅವಳು. ಪರೀಕ್ಷೆಗೆ ಮೊದಲು ಹಳೇ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ನನ್ನನ್ನು ತಯಾರು ಮಾಡಿದಳು. ಮೊದಲು ಇಡೀ ಪತ್ರಿಕೆ ಓದಬೇಕು. ಯಾವ ಭಾಗದಲ್ಲಿ ಎಷ್ಟು ಪ್ರಶ್ನೆ, ಎಷ್ಟಕ್ಕೆ ಉತ್ತರಿಸಬೇಕು, ಅಂಕ ಎಷ್ಟು, ಎಲ್ಲ ಹೇಳಬೇಕು. ಓದುವಾಗ ದನಿ ಒಂದೇ ಸಮ ಇರಬೇಕು, ಯಾಕೆಂದರೆ ಉತ್ತರ ಸರಿಯೋ ತಪ್ಪೋ ಅನ್ನುವುದಕ್ಕೆ ದನಿಯೇ ಸುಳಿವು ಕೊಟ್ಟುಬಿಡುತ್ತದೆ. ತಪ್ಪು ಹೇಳಿದರೆ ತಪ್ಪನ್ನೇ ಬರೆಯಬೇಕು. ಹೊಸ ಪ್ಯಾರಾ ಎಲ್ಲಿ, ಯಾವ ಪದದ ಕೆಳಗೆ ಗೆರೆ, ಎಲ್ಲವೂ ಅವಳ ತೀರ್ಮಾನ. ಬೇರೆಯವರು ಹಿಂದಿನ ಪುಟ ತಿರುಗಿಸಿ ನೋಡಿಕೊಳ್ಳುತ್ತಾರೆ, ಇವಳು ನಾಲ್ಕು ಪುಟದ ಉತ್ತರವನ್ನು ತಲೆಯಲ್ಲೇ ಇಟ್ಟುಕೊಂಡಿರಬೇಕು. "ಕೊನೇ ಸಾಲು ಓದಿ ಆಂಟಿ" ಅನ್ನುತ್ತಿದ್ದಳು, ಓದಿದರೆ ಸಾಕು, ಅಲ್ಲಿಂದಲೇ ಎಳೆ ಹಿಡಿದು ಹೊರಡುತ್ತಿದ್ದಳು.

ಇತಿಹಾಸದ ಪತ್ರಿಕೆಯಲ್ಲಿ ಮೈಸೂರು ಸಂಸ್ಥಾನದ ಪ್ರಶ್ನೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. 1881ರ ಪ್ರಜಾಪ್ರತಿನಿಧಿ ಸಭೆ, ದಿವಾನ್ ರಂಗಾಚಾರ್ಲು, 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಒಂದರ ಹಿಂದೆ ಒಂದು ಬರುತ್ತಲೇ ಇತ್ತು, ಅವಳು ಎಲ್ಲೂ ತಡವರಿಸಲಿಲ್ಲ, ನನ್ನ ಪೆನ್ನೂ ನಿಲ್ಲಲಿಲ್ಲ. ಕೈ ನೋಯುತ್ತಿದ್ದುದು ಗೊತ್ತಾಗಿದ್ದು ಹೊರಗೆ ಬಂದ ಮೇಲೆಯೇ. ಇನ್ನು ಈ ಕೆಲಸ ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ಒಂದು ಪರೀಕ್ಷಾ ಕೇಂದ್ರದಲ್ಲಿ ಹೆಚ್ಚುವರಿ ಸಮಯ ಕೊಡಲ್ಲ ಅಂದರು. ಗಂಟೆಗೆ ಕನಿಷ್ಠ 20 ನಿಮಿಷ ಕೊಡಬೇಕು ಎಂದು ಅದೇ 2018ರ ಮಾರ್ಗಸೂಚಿಯಲ್ಲಿತ್ತು. ಅಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ನನಗೆ ಎದೆ ಢವಢವ ಅನ್ನುತ್ತಿತ್ತು. ಅವಳು ಬ್ಯಾಗಿನಿಂದ ಅದರ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟು, ದಯವಿಟ್ಟು ಓದಿ ಸರ್ ಅಂದಳು. ಓದಿ, ಕೂಡಲೇ ಒಪ್ಪಿಕೊಂಡ ಆ ಮೇಲ್ವಿಚಾರಕರಿಗೂ ನನ್ನ ನಮಸ್ಕಾರ.

ಪುಣ್ಯದ ಕೆಲಸ ಮಾಡ್ತಿದ್ದೀರಿ ಎಂದು ತುಂಬಾ ಜನ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ನಾನು ಒಪ್ಪುವುದಿಲ್ಲ. ಸ್ಕ್ರೈಬ್ ಅನ್ನುವುದು ಅವರ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಶೇ 40ರಷ್ಟು ಅಂಗವೈಕಲ್ಯ ಇರಲೇಬೇಕೆಂದಿಲ್ಲ, ಬರೆಯಲು ತೊಂದರೆ ಇರುವವರಿಗೂ ಸ್ಕ್ರೈಬ್ ಕೊಡಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು ನನಗೆ ಇದು ಕಸುಬು. ಕಲಿತು, ಅಭ್ಯಾಸ ಮಾಡಿ, ದಿನದಿನಕ್ಕೆ ಚೆನ್ನಾಗಿ ಮಾಡಬೇಕಾದ ಕಸುಬು. ಇಷ್ಟು ವರ್ಷ ನನಗೆ ಬೇಕಾಗಿದ್ದುದೂ ಅದೇ.

ಸೊಸೆಗೆ ದೊಡ್ಡ ಥ್ಯಾಂಕ್ಸ್. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದವಳು ಅವಳು. ಪುಸ್ತಕವನ್ನು ಸುಮ್ನೆ ಸ್ಕ್ಯಾನ್ ಮಾಡಿ ಕಳಿಸಿದರೆ ಅದು ಬರೀ ಚಿತ್ರ, ಪರದೆ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ಓದಲಾರದು. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸ್ ಆದರೆ ಅರ್ಥವಿಲ್ಲದ ಅಕ್ಷರಗಳನ್ನು ಓದುತ್ತದೆ. ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಯೂನಿಕೋಡ್ ಅಕ್ಷರದಲ್ಲಿದ್ದರೆ ಸರಾಗ. ಹಾಗಾಗಿ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ನಾವಿಬ್ಬರೂ ಕೂತು, ಸ್ಕ್ಯಾನ್ ಮಾಡಿದ ಪುಟದ ಚಿತ್ರವನ್ನು ಗೂಗಲ್‌ನಿಂದ ಅಕ್ಷರವಾಗಿ ಬದಲಿಸಿ, ಒತ್ತಕ್ಷರಗಳ ತಪ್ಪು ತಿದ್ದಿ, ಪಾಠಗಳನ್ನು ಕಳಿಸುತ್ತಿದ್ದೆವು. ಪರೀಕ್ಷೆ ದಿನಗಳಲ್ಲಿ ಬೆಳಗಿನ ತಿಂಡಿ ಪೂರ್ತಿ ತಾವೇ ವಹಿಸಿಕೊಂಡ ನಮ್ಮ ಮನೆಯವರಿಗೂ ಥ್ಯಾಂಕ್ಸ್.

ಬಿಎಂಟಿಸಿ ಬಸ್ಸನ್ನೂ ಇಲ್ಲಿ ಹೇಳಲೇಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಜಯನಗರಕ್ಕೆ ಹೋಗಿಬರಲು ನಾನು ಯಾರ ಹತ್ತಿರವೂ ದುಡ್ಡು ಕೇಳಬೇಕಾಗಲಿಲ್ಲ. ಸ್ವಂತ ಸಂಪಾದನೆ ಇಲ್ಲದ ಹೆಂಗಸಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ಅನುಭವಿಸಿದವರಿಗೇ ಗೊತ್ತು.

ನಾನು ಪರೀಕ್ಷೆ ಬರೆದುಕೊಟ್ಟ ಆ ಹುಡುಗಿ ಬಿ.ಎ. ಫಸ್ಟ್ ಕ್ಲಾಸಿನಲ್ಲಿ ಮುಗಿಸಿದಳು. ನಾನೀಗ ಕೆಲಸ ಮಾಡುವ ಸಂಸ್ಥೆಗೆ ನನ್ನ ಹೆಸರು ಹೇಳಿದವಳೂ ಅವಳೇ. ಹೊಸ ಸ್ಕ್ರೈಬ್‌ಗಳಿಗೆ ನಾನು ಕಲಿಸುವುದೆಲ್ಲ ಅವಳು ನನಗೆ ಕಲಿಸಿದ್ದು.

ಈಗ ಬಿ.ಕಾಂ. ಓದುತ್ತಿರುವ ಇಬ್ಬರು ಹುಡುಗರಿಗೆ ಲೆಕ್ಕಪತ್ರದ ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುವವರು ಬೇಕಾಗಿದ್ದಾರೆ. ರಾಜಾಜಿನಗರ, ಮಲ್ಲೇಶ್ವರದ ಕಡೆಯವರಾದರೆ ಅನುಕೂಲ. ವಯಸ್ಸು ಎಷ್ಟಾದರೂ ಪರವಾಗಿಲ್ಲ. ಡೆಬಿಟ್, ಕ್ರೆಡಿಟ್ ಪಟ್ಟಿಗಳನ್ನು ಕೇಳುವವರಿಗೆ ಅರ್ಥವಾಗುವಂತೆ ಹೇಗೆ ಓದಬೇಕು ಎಂದು ನಾನು ಜೊತೆಗೆ ಕೂತು ತೋರಿಸಿಕೊಡುತ್ತೇನೆ.