ನಿನ್ನನ್ನು ಪ್ರತಿವರ್ಷ ಕೊಲ್ಲುತ್ತೇನೆ, ಸಾವ್ಕಾರ

ಲೇ ಸಾವ್ಕಾರಾ,

ಇದನ್ನು ವಾಟ್ಸಾಪಿನಲ್ಲಿ ಕಳಿಸಿದ್ದರೆ ನೀನು ಒಂದು ಹೆಬ್ಬೆರಳು ಒತ್ತಿ ಮತ್ತೆ ತಕ್ಕಡಿ ಕಡೆ ತಿರುಗುತ್ತಿದ್ದೆ. ಅದಕ್ಕೇ ನಾಲ್ಕು ಜನ ನೋಡುವ ಕಡೆ ಹಾಕುತ್ತಿದ್ದೇನೆ. ನಿನ್ನ ಮಗಳು ಓದುತ್ತಾಳೆ, ನಿನ್ನ ಗುಮಾಸ್ತ ಓದಿ ಮುಸಿಮುಸಿ ನಗುತ್ತಾನೆ, ಆಮೇಲೆ ನೀನೂ ಓದಲೇಬೇಕು. ಮಿಕ್ಕವರಿಗೆ ಇಷ್ಟು ಗೊತ್ತಿದ್ದರೆ ಸಾಕು: ಇವನದು ವಿಜಯಪುರದಲ್ಲಿ ಒಣದ್ರಾಕ್ಷಿಯ ಅಡತಿ ಅಂಗಡಿ, ಅಂದರೆ ರೈತರ ಮಾಲನ್ನು ಕಮಿಷನ್ ಹಿಡಿದು ಮಾರಿಸಿಕೊಡುವ ಕೆಲಸ. ನಾನು ಬೆಳಗಾವಿಯಲ್ಲಿ ಪಿಯುಸಿ ಹುಡುಗರಿಗೆ ಗಣಿತ ಹೇಳುವವನು.

ನನ್ನ ಕ್ಲಾಸಿನಲ್ಲಿ ಲೆಕ್ಕಕ್ಕಿಂತ ಕಥೆ ಜಾಸ್ತಿ ಅಂತ ನಿನಗೆ ಗೊತ್ತು. ಡಿಸೆಂಬರ್ 22 ಬಂತೆಂದರೆ, ಅಂದರೆ ರಾಮಾನುಜನ್ ಹುಟ್ಟಿದ ದಿನ, ಭಾಷಣಕ್ಕೆ ನಾನೇ. ಒಮ್ಮೊಮ್ಮೆ ಮಕ್ಕಳು ರಾಮಾನುಜನ್‌ಗಿಂತ ಗಾಲ್ವಾನನ್ನು ಜಾಸ್ತಿ ಕೇಳುತ್ತಾರೆ. ಕೇಳದೆ ಏನು? ಫ್ರಾನ್ಸಿನ ಹುಡುಗ, 20 ವರ್ಷ. 1832ರ ಮೇ 29ರ ರಾತ್ರಿ. ಬೆಳಗಾದರೆ ಪಿಸ್ತೂಲು ಹಿಡಿದು ದ್ವಂದ್ವಕ್ಕೆ ಹೋಗಬೇಕು. ರಾತ್ರಿಯೆಲ್ಲ ಕೂತು ಗೆಳೆಯ ಶೆವಾಲಿಯೇಗೆ ಪತ್ರ ಬರೆಯುತ್ತಾನೆ. ತಾನು ಕಂಡುಕೊಂಡದ್ದನ್ನೆಲ್ಲ ಅದರಲ್ಲಿ ತುಂಬುತ್ತಾನೆ. ಇದನ್ನು ಆ ಕಾಲದ ದೊಡ್ಡ ಗಣಿತಜ್ಞರಾದ ಜಾಕೋಬಿಗೋ ಗೌಸ್‌ಗೋ ತೋರಿಸಿ, ಸರಿಯೋ ತಪ್ಪೋ ಅಂತಲ್ಲ, ಇದಕ್ಕೆ ಎಷ್ಟು ಮಹತ್ವ ಇದೆ ಅಂತ ಎಲ್ಲರೆದುರು ಕೇಳು ಅನ್ನುತ್ತಾನೆ. ಆ ಸೊಕ್ಕು ನೋಡು. ಸರಿ ಅನ್ನುವುದರಲ್ಲಿ ಅವನಿಗೆ ಅನುಮಾನವೇ ಇಲ್ಲ. ಮೇ 31ಕ್ಕೆ ಸತ್ತ.

ಆ ಕೆಲಸವೂ ಸಣ್ಣದಲ್ಲ. ವರ್ಗ ಸಮೀಕರಣಕ್ಕೆ ಸೂತ್ರ ಇದೆ. ಮೂರನೇ ಘಾತಕ್ಕೆ, ನಾಲ್ಕನೇ ಘಾತಕ್ಕೂ ಇದೆ. ಐದಕ್ಕೆ ಅಂಥ ಸೂತ್ರ ಸಾಧ್ಯವೇ ಇಲ್ಲ ಅಂತ ನಾರ್ವೆಯ ಆಬೆಲ್ ತೋರಿಸಿದ್ದ. ಹಾಗಾದರೆ ಯಾವ ಸಮೀಕರಣ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ? ಅದರ ಮೂಲಗಳನ್ನು, ಅಂದರೆ ಉತ್ತರಗಳನ್ನು, ಒಂದರ ಜಾಗಕ್ಕೆ ಇನ್ನೊಂದನ್ನಿಟ್ಟು ಅದಲುಬದಲು ಮಾಡಿ ನೋಡು, ಆ ಅದಲುಬದಲಿನ ಕಟ್ಟಿನಲ್ಲೇ ಉತ್ತರ ಇದೆ ಅಂದವನು ಗಾಲ್ವಾ. ಇಂದಿನ ಬೀಜಗಣಿತದ ಅರ್ಧ ಮನೆ ನಿಂತಿರುವುದು ಅದರ ಮೇಲೆ.

ಆದರೆ ನಾನು ಹೇಳುವ ಕಥೆಯಲ್ಲಿ ಒಂಚೂರು ಮಸಾಲೆ ಇದೆ. ಅವನು ಎಲ್ಲವನ್ನೂ ಅದೊಂದೇ ರಾತ್ರಿ ಕಂಡುಹಿಡಿಯಲಿಲ್ಲ. ಮುಖ್ಯ ಪ್ರಬಂಧವನ್ನು ಮೊದಲೇ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಕೊಟ್ಟಿದ್ದ. 1831ರಲ್ಲಿ ಅಲ್ಲಿಯ ಗಣಿತಜ್ಞ ಪ್ವಾಸೊಂ ಅದನ್ನು ಓದಿ, ಅರ್ಥವಾಗುವುದಿಲ್ಲ ಅಂತ ವಾಪಸ್ ಮಾಡಿದ್ದ. ಆ ರಾತ್ರಿ ಮಾಡಿದ್ದು ಬಹುಪಾಲು ತಿದ್ದುಪಡಿ, ಮೇಲೊಂದು ಸಾರಾಂಶ. ಕೊನೆಗೆ 1846ರಲ್ಲಿ ಲಿಯೂವಿಲ್ ಅನ್ನುವ ಇನ್ನೊಬ್ಬ ಗಣಿತಜ್ಞ ಅಚ್ಚು ಹಾಕಿಸಿದ. ಇದನ್ನೆಲ್ಲ ಹೇಳಿದರೆ ಹಿಂದಿನ ಬೆಂಚು ಆಕಳಿಸುತ್ತದೆ. ಹೇಳುವುದಿಲ್ಲ.

ಭಾಸ್ಕರಾಚಾರ್ಯನದೂ ಹೀಗೇ. 'ನಮ್ಮ ವಿಜಯಪುರದವನು' ಅಂತ ಶುರು ಮಾಡುತ್ತೇನೆ. 1114ರಲ್ಲಿ ಹುಟ್ಟಿ, 36ನೇ ವಯಸ್ಸಿನಲ್ಲಿ ಸಿದ್ಧಾಂತ ಶಿರೋಮಣಿ ಅನ್ನುವ ಗಣಿತ, ಖಗೋಳದ ಗ್ರಂಥ ಬರೆದ. ಇಷ್ಟನ್ನು ಅವನೇ ಹೇಳಿಕೊಂಡಿದ್ದಾನೆ. ಊರಿನ ಬಗ್ಗೆ ಮಾತ್ರ ಸಹ್ಯಾದ್ರಿಯ ಆಸರೆಯಲ್ಲಿದೆ ಅನ್ನುತ್ತಾನೆ. ನೀನು ಅವತ್ತು ಕೇಳಿದೆಯಲ್ಲ, "ಗೋಳಗುಮ್ಮಟ ಹತ್ತಿ ನೋಡಿದ್ರೂ ಸಹ್ಯಾದ್ರಿ ಎಲ್ಲಿ ಕಾಣ್ತೈತಿ ಮಾಸ್ತರಾ?" ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಮಹಾರಾಷ್ಟ್ರದವರು ಚಾಳೀಸಗಾಂವ ಹತ್ತಿರದ ಪಾಟಣ ಅನ್ನುತ್ತಾರೆ. ಅಲ್ಲಿ ಅವನ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳನ್ನು ಕಲಿಸಲಿಕ್ಕೆ ಮಠ ಮಾಡಿಸಿದ ಶಾಸನವೂ ಇದೆ. ಬೆಳಗಾವಿಯಲ್ಲಿ ಕೂತು ಇದನ್ನು ಜೋರಾಗಿ ಹೇಳುವ ಧೈರ್ಯ ನನಗಿಲ್ಲ. ಇಲ್ಲಿ ಮೊದಲೇ ಗಡಿ ಜಗಳ ಸಾಕಷ್ಟಿದೆ.

ಅವನ ಲೆಕ್ಕದ ಪುಸ್ತಕ ಲೀಲಾವತಿಯ ಕಥೆಯಂತೂ ಕೇಳಲೇಬೇಡ. ಮದುವೆ ಮುಹೂರ್ತ, ತಳದಲ್ಲಿ ತೂತಿರುವ ಬಟ್ಟಲು ನೀರು ತುಂಬಿ ಮುಳುಗಿದಾಗ ಹೊತ್ತು ತೋರಿಸುವ ನೀರಿನ ಗಡಿಯಾರ, ಹುಡುಗಿಯ ಒಡವೆಯಿಂದ ಜಾರಿದ ಮುತ್ತು ಬಟ್ಟಲಿನ ತೂತು ಮುಚ್ಚಿದ್ದು, ಮುಹೂರ್ತ ಮೀರಿ ಹೋಗಿದ್ದು, ಅಪ್ಪ ಮಗಳ ಹೆಸರಲ್ಲಿ ಪುಸ್ತಕ ಬರೆದದ್ದು. ನಾನು ಇದನ್ನು ಎಷ್ಟು ಚೆನ್ನಾಗಿ ಹೇಳುತ್ತೇನೆ ಗೊತ್ತಾ! ಮೂಲ ಪುಸ್ತಕದಲ್ಲಿ ಇದರ ಒಂದಕ್ಷರ ಇಲ್ಲ. ನಮಗೆ ಸಿಗುವುದು 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪಾರಸಿ ಅನುವಾದದಲ್ಲಿ. ಮೂಲದಲ್ಲಿ ಇರುವ ಒಂದು ಲೆಕ್ಕವನ್ನು ಮಾತ್ರ ನಾನು ಬೋರ್ಡಿನ ಮೇಲೆ ಬರೆಯುವುದಿಲ್ಲ. 16 ವರ್ಷದ ಹೆಣ್ಣಿನ ಬೆಲೆ 32 ನಿಷ್ಕ (ಆಗಿನ ನಾಣ್ಯ) ಆದರೆ 20 ವರ್ಷದವಳ ಬೆಲೆ ಎಷ್ಟು? ವ್ಯಸ್ತ ತ್ರೈರಾಶಿ, ಅಂದರೆ ಒಂದು ಏರಿದರೆ ಇನ್ನೊಂದು ಇಳಿಯುವ ಲೆಕ್ಕ. ಉತ್ತರ ಇಪ್ಪತ್ತೈದೂ ಐದನೇ ಮೂರು. ಅದರ ಪಕ್ಕದಲ್ಲೇ ಎತ್ತಿನ ಬೆಲೆಯ ಲೆಕ್ಕ. ಮುಂದಿನ ಸಾಲಿನಲ್ಲಿ ಕೂತ ಹುಡುಗಿಯರ ಮುಖ ನೋಡಿ ಪುಟ ತಿರುಗಿಸುತ್ತೇನೆ. ದುಂಬಿಗಳ ಲೆಕ್ಕಕ್ಕೆ ಹೋಗುತ್ತೇನೆ: ಗುಂಪಿನ ಅರ್ಧದ ವರ್ಗಮೂಲದಷ್ಟು ಮಾಲತಿ ಹೂವಿಗೆ ಹಾರಿದವು, ಒಟ್ಟಿನ ಒಂಬತ್ತನೇ ಎಂಟು ಭಾಗವೂ ಹಿಂದೆಯೇ ಹೋದವು, ಉಳಿದದ್ದು ಕಮಲದೊಳಗೆ ಸಿಕ್ಕಿಬಿದ್ದ ಒಂದು ಗಂಡು, ಹೊರಗೆ ಝೇಂಕರಿಸುವ ಅದರ ಹೆಣ್ಣು. 72. ಎಲ್ಲರಿಗೂ ಖುಷಿ.

ಇಷ್ಟು ದೂರ ಬಂದೆ, ಇನ್ನು ಹೇಳಿಬಿಡುತ್ತೇನೆ. ನನ್ನ ಈ ಪಟ್ಟಿಯಲ್ಲಿ ನೀನೂ ಇದ್ದೀ.

ಗಾಲ್ವಾ ಸತ್ತ ಮೇಲೆ ನಾನು ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಆಮೇಲೆ ಹೇಳುತ್ತೇನೆ: "ನನ್ನ ಜೊತೆ ಒಬ್ಬ ಹುಡುಗ ಓದುತ್ತಿದ್ದ. ಮೇಷ್ಟರು ಲೆಕ್ಕ ಬರೆದು ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದ. ಅವನ ಅಪ್ಪ ತೀರಿಕೊಂಡರು. ಕಾಲೇಜು ಬಿಟ್ಟ. ಅಲ್ಲಿಗೆ ಒಂದು ಪ್ರತಿಭೆ ಮಣ್ಣಾಯಿತು." ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತೇನೆ. ಬೆಲ್ ಹೊಡೆಯುತ್ತದೆ. ಪ್ರತಿವರ್ಷ ಹೀಗೇ ನಡೆಯುತ್ತಿತ್ತು.

ಈ ಸಲ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಅವರು ಈಗ ಏನು ಮಾಡ್ತಾರೆ?"

"ಗೊತ್ತಿಲ್ಲಮ್ಮ. ಸಂಪರ್ಕ ತಪ್ಪಿದೆ" ಅಂದೆ. ಅವತ್ತು ಬೆಳಿಗ್ಗೆಯಷ್ಟೇ ನೀನು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸಿದ್ದೆ.

ಹೇಳಬಹುದಿತ್ತಲ್ಲ? ಅಂಗಡಿ ಇಟ್ಟಿದ್ದಾನೆ, ಎರಡು ಮಹಡಿ ಮನೆ ಕಟ್ಟಿಸಿದ್ದಾನೆ, ನನಗಿಂತ ದೊಡ್ಡ ಕಾರಿದೆ ಅಂತ. ಬಾಯಿ ಬರಲಿಲ್ಲ. ಹೋದ ಸೀಜನ್ನಿನಲ್ಲಿ ನಿನ್ನ ಗಾದಿ ಮೇಲೆ ಕೂತಿದ್ದೆ. ತಿಕೋಟಾ ಕಡೆಯ ರೈತನೊಬ್ಬ ಮಾಲು ತಂದಿದ್ದ. ನೀನು ಬಾಕ್ಸಿನ ತಳದವರೆಗೆ ಕೈ ಹಾಕಿ ಒಂದು ಹಿಡಿ ತೆಗೆದೆ. ಅಂಗೈಯಲ್ಲಿ ತಿಕ್ಕಿದೆ, ಮೂಸಿದೆ, ಎರಡು ಬಾಯಿಗೆ ಹಾಕಿಕೊಂಡೆ. ರೇಟು, ತೂಕ, ಹಮಾಲಿ, ಮುಂಗಡ, ಎಲ್ಲ ಕೂಡಿ ಕಳೆದು ಪಟ್ಟಿಯ ಕೊನೆಯ ಅಂಕಿ ಬಾಯಲ್ಲೇ ಹೇಳಿದೆ. ಗುಮಾಸ್ತ ಆಮೇಲೆ ಕ್ಯಾಲ್ಕುಲೇಟರ್ ಒತ್ತಿದ. ಅದೇ ಅಂಕಿ. ನಿನ್ನನ್ನು ಕೆಣಕಬೇಕು ಅನ್ನಿಸಿತು. ಭಾಸ್ಕರನ ಬಡ್ಡಿ ಲೆಕ್ಕ ಹೇಳಿದೆ: ನೂರಕ್ಕೆ ತಿಂಗಳಿಗೆ ಐದು, ಹದಿನಾರಕ್ಕೆ ವರ್ಷಕ್ಕೆಷ್ಟು? "ಒಂಬತ್ತು ರೂಪಾಯಿ ಅರವತ್ತು ಪೈಸಾ. ಅಲ್ಲಲೇ, ನಿಮ್ಮ ಭಾಸ್ಕರ ಮೀಟರ್ ಬಡ್ಡಿ ನಡೆಸ್ತಿದ್ನೇನ?" ಅಂದೆ ನೀನು. ರೈತನೂ ನಕ್ಕ.

ನನಗೆ ನಗು ಬರಲಿಲ್ಲ. ಲೀಲಾವತಿ ತುಂಬ ಇಂಥವೇ ಇವೆ. ಬಡ್ಡಿ, ಚಿನ್ನದ ಬೆರಕೆ, ಕೇಸರಿಯ ಬೆಲೆ. ಭಾಸ್ಕರನಿಗಿಂತ ಮೊದಲು, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ವೈದ್ಯಕ್ಕೂ ಅಡುಗೆಗೂ ಲೆಕ್ಕ ಬೇಕು ಅಂದ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ಊರು ಪೂವಿನಬಾಗೆ. ಅದು ನಮ್ಮ ರಾಯಬಾಗವೇ ಅನ್ನುತ್ತಾರೆ. ಪುಸ್ತಕದ ಹೆಸರು ಏನು ಗೊತ್ತಾ? ವ್ಯವಹಾರ ಗಣಿತ. ನಿನ್ನಂಥವನ ಗಾದಿ ಮೇಲೆ ಇರಬೇಕಾದ ಪುಸ್ತಕ. ನಾನು ನಿನ್ನನ್ನು ಗಣಿತ ಬಿಟ್ಟು ಹೋದವನು ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ. ನೀನು ಒಂದು ದಿನವೂ ಬಿಟ್ಟಿಲ್ಲ.

ಬಿಟ್ಟವನು ನಾನು. ಸಿಲಬಸ್ ಆಚೆಯ ಒಂದು ಲೆಕ್ಕವನ್ನು ನನ್ನ ಖುಷಿಗೆ ಅಂತ ಮಾಡಿ ವರ್ಷಗಳೇ ಆದವು. ಹಳ್ಳಿ ಪಟ್ಟಣದ ಮೇಷ್ಟರಿಗೆ ಎಲ್ಲಿಯ ಸಂಶೋಧನೆ ಅಂತ ಹೇಳಿಕೊಳ್ಳುವಂತಿಲ್ಲ. ನಾಸಿಕ ಹತ್ತಿರದ ದೇವಳಾಲಿಯ ಕಾಪ್ರೇಕರ್ ಶಾಲೆಯಲ್ಲಿ ಪಾಠ ಹೇಳುತ್ತಲೇ 1949ರಲ್ಲಿ 6174 ಹಿಡಿದರು. 3524 ತಗೋ. ಅಂಕಿಗಳನ್ನು ಇಳಿಕೆಯಲ್ಲಿ ಬರಿ, ಏರಿಕೆಯಲ್ಲಿ ಬರಿ, ಕಳೆ: 5432ರಲ್ಲಿ 2345 ಹೋದರೆ 3087. ಮತ್ತೆ ಹಾಗೇ ಮಾಡಿದರೆ 8352. ಮತ್ತೆ ಮಾಡಿದರೆ 6174. ಆಮೇಲೆ ಎಷ್ಟು ತಿಪ್ಪರಲಾಗ ಹಾಕಿದರೂ ಅಲ್ಲೇ. ನಾಲ್ಕೂ ಅಂಕಿ ಒಂದೇ ಆಗಿರದಿದ್ದರೆ ಯಾವ ನಾಲ್ಕಂಕಿ ಸಂಖ್ಯೆಯಿಂದ ಹೊರಟರೂ ಅಲ್ಲಿಗೇ ಬರುತ್ತೀ. ಇದಕ್ಕೆ ಬೇಕಾದದ್ದು ಕಾಗದ, ಪೆನ್ನು, ಹುಚ್ಚು. ಮೊದಲಿನ ಎರಡು ನನ್ನ ಬಳಿ ಇವೆ.

ನೀನು ಕಾಲೇಜು ಬಿಟ್ಟ ವರ್ಷ ಗಣಿತದಲ್ಲಿ ನಾನು ಮೊದಲು ಬಂದೆ. ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ನಿಮ್ಮ ಮನೆಗೂ ನಾನೇ ತಂದುಕೊಟ್ಟೆ. ನೀನು ಬಾಯಿಗೆ ಹಾಕಿಕೊಂಡು, ಬೆನ್ನಿಗೊಂದು ಗುದ್ದಿದೆ. ನಿನ್ನ ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಅಳಬೇಕಿತ್ತು. ನನಗೆ ಮೈ ಹಗುರಾಗಿತ್ತು, ದೋಸ್ತ. ಇನ್ನು ನನ್ನ ಮುಂದೆ ಯಾರೂ ಇಲ್ಲ ಅನ್ನಿಸಿತ್ತು. ಕ್ಲಾಸಿನಲ್ಲಿ ನಿನ್ನನ್ನು ಮಣ್ಣು ಮಾಡಿ ಅಳಿಸುವುದು ಬಹುಶಃ ಅದಕ್ಕೇ. ಸತ್ತವನ ಗೆಳೆಯನಾದರೆ ಬರೀ ಕಥೆ ಹೇಳಿದರೆ ಸಾಕಾಗುತ್ತದೆ. ನೀನು ಬದುಕಿದ್ದೀ ಅಂತಾದರೆ ಮಕ್ಕಳು ನಮ್ಮಿಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡುತ್ತಾರೆ.

ಛೆ, ಇಷ್ಟು ಬರೆಯಬೇಕು ಅಂತ ಇರಲಿಲ್ಲ. ನಮ್ಮ ಪ್ರಿನ್ಸಿಪಾಲರೂ ಇದನ್ನೆಲ್ಲ ಓದುತ್ತಾರೆ. ಸರ್, ಸಿಲಬಸ್ ಮುಗಿದಿದೆ, ರಿವಿಜನ್ ನಡೆದಿದೆ.

ಆ ಹುಡುಗಿಗೆ ನಿನ್ನ ಅಂಗಡಿಯ ವಿಳಾಸ ಕೊಡಲೇನು? ಬಂದು ಲೆಕ್ಕ ಕೇಳಿದರೆ ಹೇಳು, ಚಹಾ ಕುಡಿಸು. ನನ್ನ ಬಗ್ಗೆ ಕೇಳಿದರೆ ಮಾತ್ರ ಸಂಪರ್ಕ ತಪ್ಪಿದೆ ಅಂದುಬಿಡು, ಲೆಕ್ಕ ಚುಕ್ತಾ.

ನಿನಗೂ ಒಂದು ಕೆಲಸ ಕೊಡುತ್ತೇನೆ. ಒಂದು ಪೂರ್ಣಾಂಕದ ವರ್ಗವನ್ನು 61ರಿಂದ ಗುಣಿಸಿ ಒಂದು ಕೂಡಿಸಿದರೆ ಮತ್ತೊಂದು ಪೂರ್ಣ ವರ್ಗ ಬರಬೇಕು. ಸೊನ್ನೆ ನಡೆಯುವುದಿಲ್ಲ. ಅಂಥ ಅತಿ ಚಿಕ್ಕ ಸಂಖ್ಯೆ ಯಾವುದು? 1657ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಇದನ್ನೇ ಸವಾಲಾಗಿ ಹಾಕಿದ. 1150ರಲ್ಲೇ ಭಾಸ್ಕರ ಚಕ್ರವಾಲ ಅನ್ನುವ, ಅದೇ ಹೆಜ್ಜೆಗಳನ್ನು ಸುತ್ತಿ ಸುತ್ತಿ ಮಾಡುವ ವಿಧಾನದಲ್ಲಿ ಬಿಡಿಸಿ ಇಟ್ಟಿದ್ದ. ಉತ್ತರ ಒಂಬತ್ತು ಅಂಕಿಯದು. ಮಗಳ ಮೊಬೈಲ್ ಮುಟ್ಟಬೇಡ. ನಾನೂ ಈ ಭಾನುವಾರ ಪುಸ್ತಕ ಮುಚ್ಚಿಟ್ಟು ಕೂರುತ್ತೇನೆ. ನಿನಗೆ ಮೊದಲು ಬಂದರೆ ಎರಡು ದಿನ ಬಿಟ್ಟು ಹೇಳು.

ಹಸಿರು ಒಣದ್ರಾಕ್ಷಿ ಎರಡು ಕಿಲೋ ಕಳಿಸು. ಕಮಿಷನ್ ಹಿಡಿಯಬೇಡ.

ನಿನ್ನ,
ಮಾಸ್ತರ